ಸೌನಾ ಕೋಣೆಯೂ ಬೆಳ್ಳಿಯ ಕರಡಿಗೆಯೂ

ಸೌನಾ ಎಂಬ ಪದವನ್ನು ನಮ್ಮ ಓದುಗರಲ್ಲಿ ಅನೇಕರು ಕೇಳಿರಬಹುದು. ದೊಡ್ಡ ಹೋಟೆಲುಗಳಲ್ಲಿ ವ್ಯಾಯಾಮಶಾಲೆಯ ಪಕ್ಕಕ್ಕಿರುವ, ಕಟ್ಟಿಗೆಯ ಹಲಗೆ ಹೊದಿಸಿದ, ಕುಳಿತವರ ಬೆವರಿಳಿಸುವ ಬಿಸಿಕೋಣೆ ಎಂಬಷ್ಟೇ ಅದರ ಪರಿಚಯ. ಆದರೆ ಅದು ಹುಟ್ಟಿ ಬೆಳೆದ ಫಿನ್‌ಲ್ಯಾಂಡ್ ದೇಶದಲ್ಲಿ ಅದು ವಿಲಾಸದ ವಸ್ತುವಲ್ಲ. ನಮ್ಮ ಹಳ್ಳಿಯ ಮನೆಗಳಿಗೆ ಬಚ್ಚಲು ಹೇಗೋ ಅವರಿಗೆ ಸೌನಾ ಹಾಗೆ. ಸುಮಾರು 56 ಲಕ್ಷ ಜನರಿರುವ ಆ ನಾಡಿನಲ್ಲಿ ಸೌನಾಗಳ ಸಂಖ್ಯೆ 30 ಲಕ್ಷವನ್ನು ಮೀರಿದೆಯೆಂದು ಅಂದಾಜು. ಅವರ ಸಂಸತ್ ಭವನದಲ್ಲಿಯೂ ಒಂದಿದೆ. ಹಿಂದಿನ ಕಾಲದಲ್ಲಿ ಹೆಣ್ಣುಮಕ್ಕಳ ಹೆರಿಗೆಯಾಗುತ್ತಿದ್ದುದು ಸೌನಾದಲ್ಲಿ. ಕೊನೆಯುಸಿರೆಳೆದವರ ದೇಹವನ್ನು ತೊಳೆಯುತ್ತಿದ್ದುದೂ ಅಲ್ಲಿಯೇ. ಮನೆಗೆಲ್ಲ ಅದರಷ್ಟು ಬೆಚ್ಚಗಿನ, ಶುಚಿಯಾದ, ಬಿಸಿನೀರು ದೊರೆಯುವ ಸ್ಥಳ ಮತ್ತೊಂದಿರಲಿಲ್ಲ. ಶನಿವಾರ ಸಂಜೆ ಮನೆಮಂದಿಯೆಲ್ಲ ಸೌನಾ ಸೇರುವುದು ಇಂದಿಗೂ ಅವರ ವಾಡಿಕೆ. 2020ರಲ್ಲಿ ಯುನೆಸ್ಕೊ ಸಂಸ್ಥೆಯು ಈ ಸಂಪ್ರದಾಯವನ್ನು ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು.

ರಾಜಧಾನಿ ಹೆಲ್ಸಿಂಕಿಗೆ ಹೊಂದಿಕೊಂಡಿರುವ ಎಸ್ಪೂ ನಗರದಲ್ಲಿ ನನ್ನ ಮಗ ನೌಕರಿಯಲ್ಲಿದ್ದಾನೆ. ಅಲ್ಲಿ ಅವನು ಕೊಂಡ ಹಳೆಯ ಮನೆಯ ಸೌನಾದ ಗೋಡೆಗಳು ತೇವಕ್ಕೆ ಕೊಳೆತು, ಅದನ್ನು ಕಿತ್ತು ಹೊಸದಾಗಿ ಕಟ್ಟಬೇಕಾಗಿತ್ತು. ಆ ಚಳಿಗಾಲವನ್ನು ನಾನೂ ನನ್ನ ಧರ್ಮಪತ್ನಿಯೂ ಅವರೊಡನೆ ಕಳೆದೆವು. ಯಾವ ಬಗೆಯ ಸೌನಾ ಕಟ್ಟಿಸಬೇಕೆಂಬ ಚರ್ಚೆ ಊಟದ ಮನೆಯಲ್ಲಿ ವಾರಗಟ್ಟಲೆ ನಡೆಯಿತು. ನಮ್ಮವರ ಮಕ್ಕಳು ಇಂದು ಚಳಿಯ ದೇಶಗಳಲ್ಲಿ ಬೇರೂರುತ್ತಿರುವುದರಿಂದ ಈ ಪ್ರಸಂಗವು ಬೇರೆ ಮನೆಗಳಲ್ಲಿಯೂ ಎದುರಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಪುರಾತನವಾದದ್ದು ಹೊಗೆ ಸೌನಾ. ಅದಕ್ಕೆ ಹೊಗೆಗೂಡೇ ಇಲ್ಲ. ಕಲ್ಲುಗಳ ದೊಡ್ಡ ರಾಶಿಯ ಕೆಳಗೆ ಗಂಟೆಗಟ್ಟಲೆ ಬೆಂಕಿ ಉರಿಸಿ, ಬೆಂಕಿ ಆರಿದ ಮೇಲೆ ಹೊಗೆಯನ್ನು ಹೊರಹೋಗಲು ಬಿಟ್ಟು, ಮಸಿ ಹಿಡಿದ ಗೋಡೆಗಳ ನಡುವೆ ಕುಳಿತುಕೊಳ್ಳುತ್ತಾರೆ. ಅದರ ಕಾವು ಅತ್ಯಂತ ಮೃದುವೆಂದು ಬಲ್ಲವರು ಹೊಗಳುತ್ತಾರೆ. ಆದರೆ ಬೆಂಕಿಯ ಭಯದಿಂದ ಅದನ್ನು ಮನೆಯಿಂದ ದೂರ, ಕೆರೆಯ ದಂಡೆಯಲ್ಲಿ ಕಟ್ಟುವುದು ರೂಢಿ. ನಗರದ ಮನೆಗೆ ಅದು ಸಲ್ಲದು. ಹಬೆ ಕೋಣೆಯ ಮಾತೂ ಬಂದಿತ್ತು. ಮರದ ಮನೆಯೊಳಗೆ ಅಷ್ಟು ತೇವವನ್ನು ತುಂಬುವುದೆಂದರೆ ಹಾಳಾದ ಗೋಡೆಯನ್ನೇ ಮತ್ತೆ ಹಾಳುಮಾಡಿದಂತೆ ಎಂದು ಅದನ್ನು ಬೇಗನೆ ಬಿಟ್ಟೆವು.

ಉಳಿದದ್ದು ಮೂರು: ಸೌದೆಯ ಒಲೆ, ವಿದ್ಯುತ್ ಒಲೆ, ಇನ್‌ಫ್ರಾರೆಡ್ ಪೆಟ್ಟಿಗೆ.

ನನ್ನ ಮನಸ್ಸು ಸೌದೆಯ ಒಲೆಯ ಕಡೆಗಿತ್ತೆಂದು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಧಾರವಾಡದ ಕಡೆಯ ನಮ್ಮ ಹಳೆಯ ಮನೆಯಲ್ಲಿ ಬಚ್ಚಲಿನ ಒಲೆಯ ಮೇಲೆ ತಾಮ್ರದ ಹಂಡೆ ಕುಳಿತಿರುತ್ತಿತ್ತು. ದೀಪಾವಳಿಯ ಮುಂಚೆ ನೀರು ತುಂಬುವ ದಿನ ಹಂಡೆಯನ್ನು ಹುಣಸೆಹಣ್ಣಿನಿಂದ ಬೆಳಗಿ ಸುಣ್ಣ ಕೆಮ್ಮಣ್ಣು ಬಳಿಯುತ್ತಿದ್ದರು. ಎಣ್ಣೆ ಹಚ್ಚಿಕೊಂಡು ಆ ಒಲೆಯ ಮುಂದೆ ಕುಳಿತ ಮೈಗೆ ಬೇರೆ ಸೌನಾ ಬೇಕಿರಲಿಲ್ಲ. ಒಣಗಿದ ಬರ್ಚ್ ಮರದ ಸೌದೆ ಚಟಪಟ ಉರಿಯುವ ಸದ್ದನ್ನು ಅಲ್ಲಿಯ ನೆರೆಮನೆಯೊಂದರಲ್ಲಿ ಕೇಳಿದಾಗ ನನಗೆ ನಮ್ಮ ಬಚ್ಚಲಿನ ನೆನಪೇ ಆಯಿತು. ಆದರೆ ಮಗನ ಮನೆಯಲ್ಲಿ ಅದಕ್ಕೆ ತಕ್ಕ ಹೊಗೆಗೂಡಿರಲಿಲ್ಲ. ಹೊಸದನ್ನು ಛಾವಣಿ ಕೊರೆದು ಏರಿಸಬೇಕು, ಒಲೆಗೂ ಮರದ ಗೋಡೆಗೂ ನಿಗದಿತ ಅಂತರ ಬಿಡಬೇಕು, ಹೊಗೆಗೂಡನ್ನು ತಪ್ಪದೆ ಗುಡಿಸುವವರಿಂದ ಗುಡಿಸಿಸಬೇಕು.

ಸೊಸೆಯ ಒಲವು ವಿದ್ಯುತ್ ಒಲೆಗೆ. ಅಲ್ಲಿಯ ನಗರಗಳಲ್ಲಿ ಬಹುಪಾಲು ಮನೆಗಳಲ್ಲಿರುವುದೂ ಅದೇ. ಉಕ್ಕಿನ ಚೌಕಟ್ಟಿನೊಳಗೆ ತಂತಿಯ ಸುರುಳಿಗಳು, ಅವುಗಳ ಸುತ್ತ ಕಲ್ಲುಗಳು. ಗುಂಡಿ ಒತ್ತಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಕೋಣೆ ಸಿದ್ಧ. ಕೋಣೆಯ ಪ್ರತಿ ಘನಮೀಟರಿಗೆ ಸುಮಾರು ಒಂದು ಕಿಲೋವಾಟ್ ಶಕ್ತಿ ಬೇಕೆಂಬುದು ಅವರ ಲೆಕ್ಕಾಚಾರ. ಎರಡು ಮೀಟರ್ ಉದ್ದಗಲ, ಅದಕ್ಕಿಂತ ತುಸು ಹೆಚ್ಚು ಎತ್ತರವಿದ್ದ ನಮ್ಮ ಕೋಣೆಗೆ ಎಂಟು ಕಿಲೋವಾಟಿನ ಒಲೆ. ಮಗನಿಗೆ ಒಂದು ಗೋಡೆಯನ್ನು ಗಾಜಿನದಾಗಿ ಮಾಡಿಸುವ ಆಸೆಯಿತ್ತು. ಗಾಜು ಕಾವನ್ನು ಹಿಡಿದಿಡದು. ಒಂದು ಚದರ ಮೀಟರ್ ಗಾಜಿಗೆ ಕೋಣೆಯೇ ಸುಮಾರು 1.2 ಘನಮೀಟರ್ ದೊಡ್ಡದಾಯಿತೆಂದು ಎಣಿಸಬೇಕಂತೆ. ನೋಟಕ್ಕೆ ಚೆಲುವಾದದ್ದು ಪ್ರತಿ ಶನಿವಾರವೂ ಬಾಡಿಗೆ ಕೇಳುತ್ತದೆ ಎಂದು ನಾನು ನಕ್ಕೆ. 2022ರಲ್ಲಿ ಯುರೋಪಿನಲ್ಲಿ ವಿದ್ಯುತ್ ದರ ಗಗನಕ್ಕೇರಿದಾಗ ಸೌನಾ ಕಾಯಿಸುವುದನ್ನೂ ಮಿತಗೊಳಿಸಿರೆಂದು ಅಲ್ಲಿಯ ಸರ್ಕಾರವೇ ಜನರನ್ನು ಕೋರಿತ್ತು ಎಂಬುದನ್ನು ನೆನೆದರೆ ಈ ಲೆಕ್ಕ ಅಷ್ಟು ಸಣ್ಣದಲ್ಲ.

ಹೀಗೆ ಹಣ, ಹೊಗೆಗೂಡು, ಗಾಜುಗಳ ಮಾತಿನಲ್ಲಿಯೇ ನಿರ್ಧಾರವಾಗುತ್ತಿತ್ತೇನೋ. ಒಂದು ಸಂಜೆ ಸೊಸೆ ಸದ್ಭಾವದಿಂದಲೇ ಒಂದು ಮಾತು ಹೇಳಿದಳು: "ಅತ್ತಿ, ನಿಮ್ಮ ಮೊಣಕಾಲಿಗೆ ಭಾಳ ಹಿತ ಆಗ್ತದ. ಹದಿನೈದು ನಿಮಿಷ ಕರಡಿಗಿ ದೇವರ ಮುಂದ ಇಟ್ಟು ಬಂದ್ರ ಆತು." ನನ್ನ ಪತ್ನಿ ಉತ್ತರಿಸಲಿಲ್ಲ. ಮರುದಿನ ಬೆಳಿಗ್ಗೆ, ತನಗೆ ಸೌನಾದ ಗೊಡವೆ ಬೇಡ, ನೀವು ನೀವು ನೋಡಿಕೊಳ್ಳಿರಿ ಎಂದುಬಿಟ್ಟಳು.

ದೀಕ್ಷೆಯಾದ ದಿನದಿಂದ ಇಷ್ಟಲಿಂಗವು ಅಂಗದಿಂದ ಅಗಲಬಾರದೆಂಬುದನ್ನು ಈ ಪತ್ರಿಕೆಯ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ. ಅವಳಿಗೆ ಲಿಂಗದೀಕ್ಷೆಯಾದದ್ದು ಎಂಟನೆಯ ವಯಸ್ಸಿನಲ್ಲಿ. ಅಂದಿನಿಂದ ಮಿಂದಾಗ, ಮಲಗಿದಾಗ, ಮೂರು ಹೆರಿಗೆಗಳಲ್ಲಿ, ಅದು ಅವಳ ಎದೆಯ ಮೇಲೆಯೇ ಇತ್ತು. ಹದಿನೈದು ನಿಮಿಷವೆಂಬುದು ಸೊಸೆಗೆ ಕಡಿಮೆ ಹೊತ್ತು. ಅತ್ತೆಗೆ ಅದು ಹೊತ್ತಿನ ಪ್ರಶ್ನೆಯೇ ಅಲ್ಲ. ಸೊಸೆಯನ್ನು ದೂರುವುದಕ್ಕೂ ಕಾರಣವಿಲ್ಲ. ಫಿನ್ನರು ಸೌನಾ ಹೊಗುವ ಮುನ್ನ ಉಂಗುರ, ಸರ, ಕೈಗಡಿಯಾರಗಳನ್ನೆಲ್ಲ ತೆಗೆದಿಡುತ್ತಾರೆ. 80ರಿಂದ 90 ಡಿಗ್ರಿ ಕಾವಿನ ಗಾಳಿಯನ್ನು ಚರ್ಮ ಕೆಲವು ನಿಮಿಷ ತಾಳುತ್ತದೆ, ಅದೇ ಕಾವಿಗೇರಿದ ಲೋಹವನ್ನು ತಾಳದು. ಹಲಗೆಗಳ ಮೊಳೆಯ ತಲೆಗಳನ್ನು ಸಹ ಮೈಗೆ ತಾಗದಂತೆ ಹುದುಗಿಸಿರುತ್ತಾರೆ. ಲೋಹಗಳಲ್ಲಿ ಉಷ್ಣವನ್ನು ಅತ್ಯಂತ ಬೇಗ ಸಾಗಿಸುವುದು ಬೆಳ್ಳಿ. ಎದೆಗೆ ತಾಗಿದ ಬೆಳ್ಳಿಯ ಕರಡಿಗೆ ಬರೆ ಎಳೆಯುವುದರಲ್ಲಿ ಸಂದೇಹವಿಲ್ಲ. ಶಿಲೆಯ ಮೇಲೆ ಹಚ್ಚಿರುವ ಕಪ್ಪು ಕಂತಿ ಅಂಥ ಕಾವಿಗೆ ಮೆತ್ತಗಾದೀತೆಂಬ ಅಂಜಿಕೆ ಬೇರೆ.

ಅಲ್ಲಿಂದ ಮುಂದೆ ಮನೆಯಲ್ಲಿ ಚರ್ಚೆಯ ದಾರಿಯೇ ಬದಲಾಯಿತು. ಅವ್ವ ಬಾರದ ಸೌನಾ ನನಗೇಕೆ ಎಂದು ಮಗ ಪಟ್ಟು ಹಿಡಿದ. ಇನ್‌ಫ್ರಾರೆಡ್ ಪೆಟ್ಟಿಗೆಯ ಮಾತು ಆಗ ಬಲವಾಯಿತು. ಅದರಲ್ಲಿ ಒಲೆಯೂ ಇಲ್ಲ, ಕಲ್ಲೂ ಇಲ್ಲ. ಗೋಡೆಯ ಫಲಕಗಳಿಂದ ಹೊಮ್ಮುವ ಕಾಣದ ಕಿರಣಗಳು ನೇರವಾಗಿ ಮೈಯನ್ನು ಕಾಯಿಸುತ್ತವೆ. ಗಾಳಿಯ ಕಾವು 45ರಿಂದ 60 ಡಿಗ್ರಿ ಮಾತ್ರ. ಸಾಮಾನ್ಯ ಪ್ಲಗ್ಗಿಗೆ ಜೋಡಿಸಿದರೆ ಸಾಕು, ಎರಡು ಕಿಲೋವಾಟಿನ ಆಸುಪಾಸಿನಲ್ಲಿ ಕೆಲಸ ಮುಗಿಯುತ್ತದೆ. ಹೊಳಪುಳ್ಳ ಬೆಳ್ಳಿ ಆ ಕಿರಣಗಳನ್ನು ಬಹುಮಟ್ಟಿಗೆ ಹಿಮ್ಮೆಟ್ಟಿಸುವುದರಿಂದ ಕರಡಿಗೆಯ ಮಟ್ಟಿಗೆ ಅದೇ ಲೇಸು. ಬೆಂಗಳೂರಿನ ಮಹಡಿ ಮನೆಯಲ್ಲಿ ಒಬ್ಬರು ಸೊಂಟಕ್ಕೆ ಕಾವು ಕೊಟ್ಟುಕೊಳ್ಳಬೇಕೆಂದರೆ ನಾನೂ ಅದನ್ನೇ ಸೂಚಿಸಿಯೇನು. ಆದರೆ ಕಲ್ಲಿಗೆ ನೀರೆರೆಯದ ಈ ಪೆಟ್ಟಿಗೆಯನ್ನು ಫಿನ್ನರು ಸೌನಾ ಎಂದೇ ಒಪ್ಪುವುದಿಲ್ಲ. ಅಲ್ಲಿಯೇ ಹುಟ್ಟಿದ ನನ್ನ ಏಳು ವರ್ಷದ ಮೊಮ್ಮಗ ಚಿತ್ರವನ್ನು ನೋಡಿ, "ಅಜ್ಜಾ, ಇದು ಸೌನಾ ಅಲ್ಲ, ಟೋಸ್ಟರ್" ಎಂದ. ಪೆಟ್ಟಿಗೆಯಲ್ಲಿ ಇಬ್ಬರಿಗೆ ಮಾತ್ರ ಜಾಗ ಎಂಬುದು ಇನ್ನೂ ದೊಡ್ಡ ಕೊರತೆ.

ಗಂಟನ್ನು ಬಿಡಿಸಿದವಳು ನನ್ನ ಪತ್ನಿಯೇ. ನಾವು ಬೆಳ್ಳಿಯ ಗುಣವಿಶೇಷಗಳನ್ನು ಚರ್ಚಿಸುತ್ತಿದ್ದಾಗ ರೊಟ್ಟಿ ಬಡಿಯುತ್ತಲೇ ಕೇಳಿದಳು: "ಲಿಂಗಕ್ಕ ಬೆಳ್ಳಿ ಬೇಕು ಅಂತ ಯಾರು ಹೇಳ್ಯಾರ? ನಮ್ಮ ಆಯಿ ಅರಿವ್ಯಾಗ ಕಟ್ಟಿಕೊಂಡು ಜೀವನಾ ಕಳದಾಳ. ಬೆಳ್ಳಿ ಕರಡಿಗಿ ಬಂದದ್ದು ನನ್ನ ಮದುವ್ಯಾಗ." ಹೌದಲ್ಲ! ಅಂಗಕ್ಕೆ ಸಂಬಂಧ ಲಿಂಗದೊಡನೆಯೇ ಹೊರತು ಕರಡಿಗೆಯೊಡನೆ ಅಲ್ಲ. ಹೊಲದಲ್ಲಿ ದುಡಿದ ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಬಿಳಿಯ ಅರಿವೆಯಲ್ಲಿ ಲಿಂಗವನ್ನು ಕಟ್ಟಿಕೊಂಡೇ ಬಾಳಿದವರು. ಹತ್ತಿಯ ಬಟ್ಟೆ ನಾಲ್ಕು ಮಡಿಕೆಯಾದರೆ ಕಾವನ್ನು ತಡೆಯುತ್ತದೆ, ಮೈಯನ್ನು ಸುಡುವುದಿಲ್ಲ.

ಆದರೂ ಕಾವು ಹತೋಟಿಯಲ್ಲಿರಬೇಕಲ್ಲ. ನಮ್ಮ ಆಯ್ಕೆ ನಿಂತದ್ದು ಇದರ ಮೇಲೆ. ಸೌದೆಯ ಒಲೆಯನ್ನು ಒಮ್ಮೆ ಹೊತ್ತಿಸಿದ ಮೇಲೆ ಅದು ತನ್ನ ಪಾಡಿಗೆ ಏರುತ್ತದೆ, ಅರವತ್ತಕ್ಕೆ ನಿಲ್ಲೆಂದರೆ ನಿಲ್ಲದು. ವಿದ್ಯುತ್ ಒಲೆ ಹೇಳಿದಲ್ಲಿ ನಿಲ್ಲುತ್ತದೆ. ಲಿಂಗವನ್ನು ನಾಭಿಯ ಕೆಳಗೆ ಧರಿಸುವಂತಿಲ್ಲ. ಸೌನಾದಲ್ಲಾದರೋ ಮೇಲೆ ಹೋದಷ್ಟೂ ಬಿಸಿ. ಮೇಲಿನ ಹಲಗೆಯಲ್ಲಿ ಕುಳಿತವರ ತಲೆಯ ಮಟ್ಟದಲ್ಲಿ 70 ಡಿಗ್ರಿ ಇದ್ದರೆ ಕೆಳಹಲಗೆಯಲ್ಲಿ 50ರ ಆಸುಪಾಸು. ಆದುದರಿಂದ ಕೆಳಹಲಗೆಯನ್ನು ವಾಡಿಕೆಗಿಂತ ಅಗಲವಾಗಿ, ಬೆನ್ನಿಗೆ ಆನಿಕೆ ಇಟ್ಟು ಮಾಡಿಸಿದೆವು. ಮೊದಲು 65ಕ್ಕೆ ನಿಲ್ಲಿಸಿ ಎಲ್ಲರೂ ಕೂಡಿ ಕುಳಿತುಕೊಳ್ಳುವುದು, ನಾವು ಮುದುಕರು ಎದ್ದು ಬಂದ ಮೇಲೆ ಮಗ ಸೊಸೆ ಬೇಕಾದಂತೆ ಏರಿಸಿಕೊಳ್ಳುವುದು ಎಂದಾಯಿತು. ಗಾಜಿನ ಗೋಡೆ ಕೈಬಿಟ್ಟಿತು.

ಸಂಕೋಚದ ವಿಷಯವನ್ನೂ ಹೇಳಬೇಕು. ಫಿನ್ನರು ಸೌನಾದಲ್ಲಿ ಬಟ್ಟೆ ಧರಿಸುವುದಿಲ್ಲ. ಮನೆಯ ಹೊರಗೆ ಗಂಡಸರು ಹೆಂಗಸರು ಬೇರೆ ಬೇರೆಯಾಗಿ ಹೋಗುತ್ತಾರೆ. ಗುಡಿಯಲ್ಲಿ ನಡೆದುಕೊಳ್ಳುವಂತೆ ಅಲ್ಲಿಯೂ ನಡೆದುಕೊಳ್ಳಬೇಕೆಂದು ಮಕ್ಕಳಿಗೆ ಕಲಿಸುತ್ತಾರಾದ್ದರಿಂದ ಅದರಲ್ಲಿ ಅಸಭ್ಯತೆಯೇನಿಲ್ಲ. ಆದರೂ ಮಾವ ಸೊಸೆ ಒಂದೇ ಕೋಣೆಯಲ್ಲಿ ಕುಳಿತುಕೊಳ್ಳುವ ನಮ್ಮ ಮನೆಯಲ್ಲಿ ಆ ಪದ್ಧತಿ ಹೊಂದದು. ಹತ್ತಿಯ ಪಂಚೆ, ಹಳೆಯ ಮೆತ್ತನೆಯ ಸೀರೆ ಸಾಕು. ಒಗೆದು ಒಣಗಿಸಿದರೆ ಮುಗಿಯಿತು. ಅದನ್ನು ಸೌನಾ ಒಲೆಯ ಮೇಲೆ ಮಾತ್ರ ಒಣಗಲು ಹಾಕಬೇಡಿರಿ. ನಮ್ಮವರಿಗೆ ಬಿಸಿಯಾದ ಯಾವುದನ್ನು ಕಂಡರೂ ಬಟ್ಟೆ ಹರವುವ ಚಪಲ. ಅಲ್ಲಿ ಮನೆಗಳಿಗೆ ಬೆಂಕಿ ಬೀಳುವುದಕ್ಕೆ ಅದೂ ಒಂದು ಕಾರಣ.

ಆರೋಗ್ಯದ ವಿಚಾರದಲ್ಲಿ ಉತ್ಪ್ರೇಕ್ಷೆ ಬೇಡ. ಪೂರ್ವ ಫಿನ್‌ಲ್ಯಾಂಡಿನ 2,315 ಮಧ್ಯವಯಸ್ಕ ಗಂಡಸರನ್ನು ಸುಮಾರು ಇಪ್ಪತ್ತು ವರ್ಷ ಗಮನಿಸಿದ ಅಧ್ಯಯನವೊಂದು 2015ರಲ್ಲಿ ಪ್ರಕಟವಾಯಿತು. ವಾರಕ್ಕೆ ನಾಲ್ಕರಿಂದ ಏಳು ಬಾರಿ ಸೌನಾ ಮಾಡುವವರಲ್ಲಿ ಹೃದಯ ಸಂಬಂಧಿ ಕಾರಣಗಳಿಂದ ದಿಢೀರನೆ ಸಾಯುವ ಪ್ರಮಾಣ ವಾರಕ್ಕೊಮ್ಮೆ ಮಾಡುವವರಿಗಿಂತ ಕಡಿಮೆಯಿದ್ದುದು ಅದರಲ್ಲಿ ಕಂಡುಬಂದಿತು. ಆದರೆ ಅವರು ಹುಟ್ಟಿದಂದಿನಿಂದ ಆ ಕಾವಿಗೆ ಒಗ್ಗಿದವರು. ರಕ್ತದೊತ್ತಡಕ್ಕೆ ಗುಳಿಗೆ ನುಂಗುವ, ಸಕ್ಕರೆ ಕಾಯಿಲೆಯ ನಮ್ಮಂಥವರು, ಹಾಗೆಯೇ ಗರ್ಭಿಣಿಯರು, ವೈದ್ಯರನ್ನು ಕೇಳದೆ ಒಳಗೆ ಹೋಗಬಾರದು. ಒಬ್ಬರೇ ಹೋಗಬಾರದು. ಎದ್ದ ಕೂಡಲೇ ತಲೆ ಸುತ್ತುವುದುಂಟು, ನಿಧಾನವಾಗಿ ಏಳಬೇಕು. ಉಪವಾಸದ ದಿನ ಬೇಡವೇ ಬೇಡ. ಹೋಗುವ ಮುಂಚೆಯೂ ಬಂದ ಮೇಲೆಯೂ ನೀರು ಅಥವಾ ಮಜ್ಜಿಗೆ ಕುಡಿಯಬೇಕು. ನನ್ನ ಪತ್ನಿಯ ಅವಧಿ ಎಂಟು ನಿಮಿಷ. ಅವಳ ಮೊಣಕಾಲು ಗುಣವಾಯಿತೆಂದು ಹೇಳಲಾರೆ, ಆ ರಾತ್ರಿ ನಿದ್ರೆ ಚೆನ್ನಾಗಿ ಬರುತ್ತದೆಂದು ಅವಳೇ ಹೇಳುತ್ತಾಳೆ.

ಫೆಬ್ರವರಿಯ ಮೊದಲ ಶನಿವಾರ ಒಲೆ ಹೊತ್ತಿತು. ಹೊರಗೆ ಮೊಣಕಾಲುದ್ದ ಹಿಮ. ಆಸ್ಪೆನ್ ಮರದ ಹೊಸ ಹಲಗೆಯ ವಾಸನೆಯ ನಡುವೆ ಐವರೂ ಕುಳಿತೆವು. ಲಿಂಗವು ಬಿಳಿಯ ಅರಿವೆಯಲ್ಲಿ ಅವಳ ಎದೆಯ ಮೇಲೆ, ತಾಳಿಯೂ ಅದೇ ಮಡಿಕೆಯೊಳಗೆ. ಕಲ್ಲಿನ ಮೇಲೆ ನೀರೆರೆದಾಗ ಏಳುವ ಬಿಸಿಯುಸಿರಿಗೆ ಅವರ ನುಡಿಯಲ್ಲಿ ಲೋಯ್ಲು ಎನ್ನುತ್ತಾರೆ. ಆ ಪದದ ಹಳೆಯ ಅರ್ಥ ಪ್ರಾಣ, ಆತ್ಮ ಎಂದಂತೆ. ಮೊಮ್ಮಗ ಮರದ ಸೌಟಿನಿಂದ ಒಂದೇ ಸೌಟು ನೀರು ಹಾಕಿ ಅಜ್ಜಿಯ ಮುಖ ನೋಡಿದ. ಅವಳು ಕಣ್ಣು ಮುಚ್ಚಿ ಕುಳಿತಿದ್ದಳು. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ.

ಬರುವ ಬೇಸಿಗೆಯ ರಜೆಗೆ ಅವರು ಊರಿಗೆ ಬಂದಾಗ ಮೊಮ್ಮಗನ ಲಿಂಗದೀಕ್ಷೆ ನಡೆಯಲಿದೆ. ಬೆಳ್ಳಿಯ ಕರಡಿಗೆಯನ್ನು ಅಕ್ಕಸಾಲಿಗರಿಗೆ ಹೇಳಿದ್ದಾಗಿದೆ. ಅದರ ಜೊತೆಗೆ ಅಜ್ಜಿ ನಾಲ್ಕು ಮಡಿಕೆಯ ಎರಡು ಅರಿವೆಯ ಚೀಲಗಳನ್ನೂ ಹೊಲಿದಿಟ್ಟಿದ್ದಾಳೆ, ಒಂದು ಒದ್ದೆಯಾದರೆ ಇನ್ನೊಂದಿರಲೆಂದು.