ಒಂದೇ ಕಂಪ್ಯೂಟರಿನೊಳಗೆ ಒಂದು ವಠಾರ

ಅಕ್ಕನ ಮಗ ಡಿಪ್ಲೊಮಾ ಎರಡನೆಯ ವರ್ಷ. ಮನೆಯಲ್ಲಿರುವುದು ಒಂದೇ ಲ್ಯಾಪ್‌ಟಾಪು, ಅದರಲ್ಲಿ ಲಿನಕ್ಸು. ಭಾವನ ಅಂಗಡಿ ಲೆಕ್ಕವೂ ಅದರಲ್ಲೇ. ಹುಡುಗನಿಗೋ ಸರ್ವರ್ ಕಟ್ಟಿ ಕಲಿಯುವ ಹಂಬಲ. "ಎಲ್ಲ ಅಳಿಸಿಹೋದರೆ ಗತಿಯೇನು?" ಎಂದು ಭಾವ ಗದರಿದರು. ಅವರ ಭಯ ಸುಳ್ಳಲ್ಲ. ಆದರೆ ಏನನ್ನೂ ಕೆಡಿಸದೆ ಕಂಪ್ಯೂಟರ್ ಕಲಿತವರನ್ನು ನಾನಂತೂ ಕಂಡಿಲ್ಲ. "ಇನ್ನೊಂದು ಕೊಡಿಸುವ ಮೊದಲು ಇದರೊಳಗೇ ಒಂದು ವಠಾರ ಕಟ್ಟೋಣ ಭಾವ" ಎಂದೆ.

ಕಂಟೇನರ್ ಎಂದರೆ ವಠಾರದ ಮನೆಯೇ. ವರ್ಚುವಲ್ ಮಷೀನ್ ಎಂಬುದು ಬೇರೆ ನಿವೇಶನದಲ್ಲಿ ಬೇರೆ ಬಾವಿ ತೋಡಿ ಕಟ್ಟಿದ ಮನೆ. ವಠಾರದಲ್ಲಿ ಬಾಗಿಲು, ಅಡುಗೆಮನೆ ಬೇರೆ ಬೇರೆ; ಬಾವಿ ಮಾತ್ರ ಒಂದೇ. ಆ ಬಾವಿಯೇ ಲಿನಕ್ಸಿನ ಕರ್ನೆಲ್. ಕೆಲವೇ ಸೆಕೆಂಡುಗಳಲ್ಲಿ ಕಂಟೇನರ್ ಎದ್ದು ನಿಲ್ಲುವುದು ಇದರಿಂದಲೇ. ಅದರೊಳಗೆ ವಿಂಡೋಸ್ ಹಾಕಲಾಗದಿರುವುದೂ ಇದರಿಂದಲೇ. ಪಕ್ಕದ ಮನೆ ಕಾಣದಂತೆ ಗೋಡೆ ಎಬ್ಬಿಸುವುದು ನೇಮ್‌ಸ್ಪೇಸ್; ಯಾರಿಗೆ ಎಷ್ಟು ಕೊಡ ನೀರು ಎಂದು ಕಟ್ಟುಮಾಡುವುದು ಸಿಗ್ರೂಪ್. ಇವೆರಡರ ಬಲದ ಮೇಲೆ ಎಲ್‌ಎಕ್ಸ್‌ಸಿ ಬಂದದ್ದು 2008ರಲ್ಲಿ. ನಾವು ಹಾಕಿದ್ದು ಇನ್‌ಕಸ್. 2023ರಲ್ಲಿ ಎಲ್‌ಎಕ್ಸ್‌ಡಿಯಿಂದ ಕವಲೊಡೆದದ್ದು.

ಡೆಬಿಯನ್ 13ರ ಭಂಡಾರದಲ್ಲೇ ಅದು ಸಿಗುತ್ತದೆ, ದುಡ್ಡು ಕೊಡಬೇಕಿಲ್ಲ. ಮೊದಲ ಸಿದ್ಧತೆಯಲ್ಲಿ ಕೇಳುವ ಪ್ರಶ್ನೆಗಳಿಗೆ ಬಹುಪಾಲು ಎಂಟರ್ ಒತ್ತಿದರಾಯಿತು. ಸ್ಟೋರೇಜ್ ಬಗ್ಗೆ ಕೇಳಿದಾಗ ನಾವು ಬಿಟಿಆರ್‌ಎಫ್‌ಎಸ್ ಆರಿಸಿದೆವು. ಅದರಲ್ಲಿ ಸ್ನ್ಯಾಪ್‌ಶಾಟ್ ತೆಗೆಯಲು ಹೊತ್ತೇ ಹಿಡಿಯದು. ಲ್ಯಾಪ್‌ಟಾಪು ಏದುಸಿರು ಬಿಡದಿರಲೆಂದು ಪ್ರತಿ ಕಂಟೇನರಿಗೂ 512 ಎಂಬಿ ಮೆಮೊರಿಯ ಮಿತಿ ಹಾಕಿದೆವು.

ಹುಡುಗ ಸ್ನ್ಯಾಪ್‌ಶಾಟ್ ತೆಗೆದಿಟ್ಟು, ಅಪ್ಪನ ಕಣ್ಣೆದುರೇ ಕಂಟೇನರಿನೊಳಗಿನ ಕಡತಗಳನ್ನೆಲ್ಲ ಅಳಿಸಿಬಿಟ್ಟ. ಭಾವ ಗಾಬರಿಯಿಂದ ಲೆಕ್ಕದ ಫೈಲು ತೆರೆದರು. ಎಲ್ಲವೂ ಇತ್ತು! ಒಂದೇ ಆಜ್ಞೆಯಲ್ಲಿ ಕಂಟೇನರೂ ಮೊದಲಿನಂತಾಯಿತು. ಒಳಗೆ ಅವನು ರೂಟ್, ಅಂದರೆ ಮನೆಯ ಯಜಮಾನ. ಹೊರಗಿನ ಕರ್ನೆಲ್ಲಿನ ಲೆಕ್ಕದಲ್ಲಿ ಅಧಿಕಾರವಿಲ್ಲದ ಯಾವುದೋ ಒಂದು ದೊಡ್ಡ ಸಂಖ್ಯೆಯ ಬಾಡಿಗೆದಾರ. ಇನ್‌ಕಸ್ ತಾನಾಗಿಯೇ ಹೀಗೆ ಏರ್ಪಡಿಸುತ್ತದೆ. 'ಪ್ರಿವಿಲೇಜ್ಡ್' ಕಂಟೇನರಿನಲ್ಲಿ ಈ ರಕ್ಷಣೆ ಇಲ್ಲ. ಕಲಿಯುವ ಮಕ್ಕಳಿಗೆ ಅದರ ಗೊಡವೆ ಬೇಡ.

ಹಾಗೆಂದು ವಠಾರದ ಗೋಡೆ ಕೋಟೆಗೋಡೆಯಲ್ಲ. ಬಾವಿ ಕೆಟ್ಟರೆ ಎಲ್ಲರಿಗೂ ಕೆಟ್ಟಿತು. ಬೇಕಾದ ಕಡತಗಳ ನಕಲು ಹೊರಗಿನ ಡಿಸ್ಕಿನಲ್ಲಿ ಇರಲೇಬೇಕು. ಪೋಷಕರು ಗಮನಿಸಬೇಕಾದದ್ದು ಇನ್ನೊಂದಿದೆ. 'ಇನ್‌ಕಸ್-ಅಡ್ಮಿನ್' ಗುಂಪಿಗೆ ಸೇರಿದವರು ಮನಸ್ಸು ಮಾಡಿದರೆ ಇಡೀ ಯಂತ್ರದ ಯಜಮಾನರಾಗಬಲ್ಲರು. ಆ ಬೀಗದ ಕೈ ನಿಮ್ಮ ಬಳಿಯೇ ಇರಲಿ. ಮಕ್ಕಳನ್ನು ಬರೇ 'ಇನ್‌ಕಸ್' ಎಂಬ ಸೀಮಿತ ಅಧಿಕಾರದ ಗುಂಪಿಗೆ ಸೇರಿಸಿ.