ಅಳದ ಕೂಸು

ನಮ್ಮ ಮಂದಿಯಲ್ಲಿ ಅಳದ ಕೂಸಿಗೆ ಬಹಳ ಮರ್ಯಾದೆ. ರಜೆಗೆ ಧಾರವಾಡಕ್ಕೆ ಹೋದಾಗಲೆಲ್ಲ ಅಜ್ಜಿ ಬಂದವರ ಮುಂದೆ ನನ್ನ ಬಗ್ಗೆ ಹೇಳುತ್ತಿದ್ದ ಮಾತು ಒಂದೇ: "ಬಂಗಾರದಂಥಾ ಕೂಸ್ರೀ ಇದು. ಹಾಕಿದಲ್ಲೇ ಇರ್ತಿತ್ತು. ಒಂದಿನಾ ಕಾಡಲಿಲ್ಲ." ಈ ಸರ್ಟಿಫಿಕೇಟನ್ನು 19 ವರ್ಷ ಹೆಮ್ಮೆಯಿಂದ ಜೋಪಾನ ಮಾಡಿಕೊಂಡು ಬಂದಿದ್ದೆ. ಹಿಂಬದಿಯಲ್ಲಿ ಏನು ಬರೆದಿದೆ ಅಂತ ತಿರುಗಿಸಿ ನೋಡಿದ್ದು ಕಳೆದ ವರ್ಷ, ಅದೂ ಕ್ಲಾಸಿನಲ್ಲಿ.

ಮನಶ್ಶಾಸ್ತ್ರದ ಪೀರಿಯಡ್ಡಿನಲ್ಲಿ ಒಂದು ಪ್ರಯೋಗದ ಚಿತ್ರ ತೋರಿಸಿದರು. ಅಮೆರಿಕದ ಎಡ್ವರ್ಡ್ ಟ್ರಾನಿಕ್ ಮತ್ತು ಸಂಗಡಿಗರು 1978ರಲ್ಲಿ ಬರೆದು ಪ್ರಕಟಿಸಿದ 'ನಿಶ್ಚಲ ಮುಖ'ದ ಪ್ರಯೋಗ ಅದು. ತಾಯಿ ಕೂಸಿನೆದುರು ಕೂತು ಮಾತಾಡಿಸುತ್ತಾಳೆ. ಕೂಸು ಕೇಕೆ ಹಾಕುತ್ತದೆ. ಆಮೇಲೆ ತಾಯಿ, ಹೇಳಿಕೊಟ್ಟ ಪ್ರಕಾರ, ಮುಖದ ಮೇಲಿನ ಭಾವವನ್ನೆಲ್ಲ ಒರೆಸಿಹಾಕಿ ಬರೀ ನೋಡುತ್ತ ಕೂಡುತ್ತಾಳೆ. ಎರಡು-ಮೂರು ನಿಮಿಷ, ಅಷ್ಟೇ. ಕೂಸು ಮೊದಲು ನಗುತ್ತದೆ. ಕೈ ಚಾಚುತ್ತದೆ, ಬೊಟ್ಟು ಮಾಡುತ್ತದೆ, ಕೂಗುತ್ತದೆ. ತನಗೆ ಗೊತ್ತಿರುವ ವಿದ್ಯೆಯನ್ನೆಲ್ಲ ಒಂದೊಂದಾಗಿ ಹೊರಗೆ ತೆಗೆಯುತ್ತದೆ. ಯಾವುದೂ ನಡೆಯದಾದಾಗ ಮುಖ ಅತ್ತ ತಿರುಗಿಸಿಕೊಳ್ಳುತ್ತದೆ. ಪಕ್ಕದ ಬೆಂಚಿನವಳು ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. (ಹೇಗೆ ಬಂದೀತು, ನಾನು ಬಂಗಾರದ ಕೂಸು!) ಆದರೆ ಆ ತಿರುಗಿದ ಮುಖವನ್ನು ಎಲ್ಲೋ ನೋಡಿದ ಹಾಗಿತ್ತು.

ಅಂದು ರಾತ್ರಿ ಇಲ್ಲಿ ಡೊಂಬಿವಲಿಯ ಮನೆಯಲ್ಲಿ ಅಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. "ಅಮ್ಮಾ, ನಾ ಹುಟ್ಟಿದಾಗ ನೀ ಹ್ಯಾಂಗಿದ್ದಿ?" ಅಂತ ಕೇಳಿದೆ. ಅವಳ ಕೈ ನಿಂತಿತು. "ಯಾರರೆ ಏನರೆ ಹೇಳಿದ್ರೇನು?" ಅಂದಳು. ಯಾರೂ ಹೇಳಿರಲಿಲ್ಲ.

ಬಾಣಂತನ ಧಾರವಾಡದಲ್ಲಿ, ಐದು ತಿಂಗಳು. ಎಣ್ಣೆ-ನೀರು, ಲೋಬಾನದ ಹೊಗೆ, ಅಂಟಿನುಂಡಿ, ಮೈಗೆ ಆದ ಉಪಚಾರಕ್ಕೆ ಲೆಕ್ಕವೇ ಇಲ್ಲ. ಅಳು ಬಂದರೆ ಮಾತ್ರ, "ಬಾಣಂತಿ ಅಳಬಾರದು, ಕಣ್ಣು ಹೋಗ್ತಾವ" ಅಂತ ಬಾಯಿ ಮುಚ್ಚಿಸುತ್ತಿದ್ದರಂತೆ. ಆಮೇಲೆ ಮುಂಬಯಿಯ ಒಂದು ಖೋಲಿ. ಅಪ್ಪ ಬೆಳಗಿನ ಲೋಕಲ್ ಹಿಡಿದು ಹೋದರೆ ರಾತ್ರಿ ಒಂಬತ್ತು. "ನಿನಗ ಹಾಲು ಕುಡಿಸಿದೆ, ಎರದೆ, ಹೊತ್ತು ಹೊತ್ತಿಗೆ ಎಲ್ಲಾ ಮಾಡಿದೆ. ಮಾತಾಡ್ಸಲಿಕ್ಕೆ ಮಾತ್ರ ಬಾಯೇ ಬರ್ತಿರಲಿಲ್ಲ. ಗ್ವಾಡಿ ನೋಡ್ಕೋತ ಕೂತುಬಿಡ್ತಿದ್ದೆ. ನೀನೂ ಸುಮ್ಮನ ಇರ್ತಿದ್ದಿ. ಕೂಸರೆ ಶಾಣ್ಯಾ ಅದ ಅನ್ಕೊಂಡೆ." ಒಂದೂವರೆ ವರ್ಷ ಹೀಗೇ ನಡೆಯಿತು. ನಡುವೆ ಒಬ್ಬ ಡಾಕ್ಟರರು ವೀಕ್‌ನೆಸ್ ಅಂತ ಟಾನಿಕ್ ಬರೆದುಕೊಟ್ಟರಂತೆ. (ಟ್ರಾನಿಕ್ ಬೇಕಾದಲ್ಲಿ ಟಾನಿಕ್!)

ಮರುದಿನ ಲೈಬ್ರರಿಗೆ ಹೋಗಿ ಕೂತೆ. ವಿಲಾಯತಿಯ ಅಂಕಿಗಳಿಗಿಂತ ನನ್ನನ್ನು ಹಿಡಿದದ್ದು ನಮ್ಮ ನೆರೆಯ ಗೋವೆಯದು. ವಿಕ್ರಂ ಪಟೇಲ್ ಮತ್ತು ಸಂಗಡಿಗರು ಅಲ್ಲಿ 252 ತಾಯಂದಿರನ್ನು ಹೆರಿಗೆಯಾದ 6-8 ವಾರಕ್ಕೆ ನೋಡಿದಾಗ 59 ಮಂದಿಗೆ ಖಿನ್ನತೆಯಿತ್ತು. 2002ರಲ್ಲಿ ಬಂದ ಲೇಖನ. ಕಾರಣಗಳಲ್ಲಿ ಬಡತನ, ಗಂಡನ ಹೊಡೆತ, ಗಂಡು ಬೇಕೆಂದಲ್ಲಿ ಹೆಣ್ಣು ಹುಟ್ಟಿದ್ದು. (ನಮ್ಮ ಮನೆಯಲ್ಲೂ ಗಂಡಿನ ಹೆಸರು ಮಾತ್ರ ಆರಿಸಿಟ್ಟಿದ್ದರಂತೆ. ಇದನ್ನು ಇಲ್ಲಿಗೇ ಬಿಡುತ್ತೇನೆ.) ಅದೇ ಕೂಸುಗಳನ್ನು ಆರು ತಿಂಗಳಿಗೆ ತೂಗಿ ಅಳೆದಾಗ, ಖಿನ್ನರಾಗಿದ್ದ ತಾಯಂದಿರ ಮಕ್ಕಳಲ್ಲಿ ತೂಕ, ಎತ್ತರ ಕಡಿಮೆಯಿದ್ದವರು ಹೆಚ್ಚು. ಬುದ್ಧಿಯ ಬೆಳವಣಿಗೆಯ ಪರೀಕ್ಷೆಯಲ್ಲೂ ಹಿಂದು.

ಓದಿ ಒಂದು ವಾರ ನನಗೆ ನಾನೇ ಪರೀಕ್ಷಕ. ಗಣಿತದಲ್ಲಿ ಕಮ್ಮಿ ಬಂದದ್ದು ಅದಕ್ಕೇ ಇರಬಹುದೇ? ಜನರೆದುರು ಮಾತು ತೊಡರುವುದು? ಇದು ಹುಚ್ಚು ಲೆಕ್ಕ. ಇನ್ನೂರೈವತ್ತು ಜನರ ಸರಾಸರಿಯಲ್ಲಿ ಒಬ್ಬಳ ಜಾತಕ ಬರೆಯಲಾಗುವುದಿಲ್ಲ. ಈ ಹುಚ್ಚಿನಿಂದ ಬಿಡಿಸಿದವನೂ ಆ ಟ್ರಾನಿಕನೇ. ಆರೋಗ್ಯವಾಗಿರುವ ತಾಯಿ-ಕೂಸು ಕೂಡ ಸರಿಯಾಗಿ ತಾಳ ಕೂಡಿಸುವುದು ಮೂರರಲ್ಲಿ ಒಂದು ಪಾಲು ಹೊತ್ತು ಮಾತ್ರವಂತೆ! ಉಳಿದದ್ದೆಲ್ಲ ತಪ್ಪುವುದು, ಮತ್ತೆ ಹಿಡಿಯುವುದು. ಕೂಸು ಕಲಿಯುವುದು ಈ ಮತ್ತೆ ಹಿಡಿಯುವುದನ್ನೇ: ನಾನು ಕೂಗಿದರೆ ಕೆಟ್ಟದ್ದು ಸರಿಹೋಗುತ್ತದೆ ಅನ್ನುವುದನ್ನು. ಖಿನ್ನತೆ ಕಸಿದುಕೊಳ್ಳುವುದು ತಾಯಿಯ ಪ್ರೀತಿಯನ್ನಲ್ಲ, ಹೀಗೆ ಹಿಡಿಯಲು ಬೇಕಾದ ಕಸುವನ್ನು. ಕೂಗಿ ಉಪಯೋಗವಿಲ್ಲ ಅಂತ ತಿಳಿದ ಕೂಸು ಕೂಗುವುದನ್ನು ಕಡಿಮೆ ಮಾಡುತ್ತದೆ. ನಾವು ಅದಕ್ಕೆ ಬಂಗಾರ ಅನ್ನುತ್ತೇವೆ.

ಹಾಗಾದರೆ ನನಗೆ ಮಾತು ಕಲಿಸಿದವರು ಯಾರು? ನಮ್ಮ ಮನೆಯಲ್ಲಿ ಒಂದು ಹಳೆಯ ಜೋಕಿದೆ. ಧಾರವಾಡದವರ ಮಗಳು ಆಡಿದ ಮೊದಲ ಮಾತು ಮರಾಠಿ - ಗುಬ್ಬಿಗೆ 'ಚಿಊ' ಅಂದೆನಂತೆ! ಎದುರು ಖೋಲಿಯ ಮಾವಶಿ ಮಧ್ಯಾಹ್ನ ನನ್ನನ್ನು ಎತ್ತಿಕೊಂಡು ಹೋಗಿ ಗ್ಯಾಲರಿಯಲ್ಲಿ ಕೂಡಿಸಿಕೊಂಡು ಬಡಬಡ ಮಾತಾಡುತ್ತಿದ್ದರು. ನಾನು ಆ ಅಂದರೆ ಅವರೂ ಆ. ಮುಂಬಯಿ ಕನ್ನಡಿಗರ ಭಾಷಾಭಿಮಾನದ ಭಾಷಣಗಳಲ್ಲಿ ಈ ಜೋಕು ನಗೆಪಾಟಲಿಗೆ ಚೆನ್ನ. ನನಗೀಗ ಅದು ನಗುವ ವಿಷಯವಾಗಿ ಉಳಿದಿಲ್ಲ. ಅಮ್ಮನಿಗೂ ಮಾವಶಿ ದಿನಾ ಒಂದು ಕಪ್ ಚಹಾ ಕೊಟ್ಟು "ಬೋಲ್ ಗ" ಅನ್ನುತ್ತಿದ್ದರಂತೆ. ಅಮ್ಮ ನಿಧಾನಕ್ಕೆ ಎದ್ದು ನಿಂತದ್ದು ಆ ಗ್ಯಾಲರಿಯಲ್ಲೇ.

ಪಾಕಿಸ್ತಾನದ ರಾವಲ್ಪಿಂಡಿ ಜಿಲ್ಲೆಯ ಹಳ್ಳಿಗಳಲ್ಲಿ ಆತಿಫ್ ರಹಮಾನ್ ಮತ್ತು ಸಂಗಡಿಗರು ಇದನ್ನೇ ಕ್ರಮವಾಗಿ ಮಾಡಿ ನೋಡಿದರು. ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರಿಗೆ ತರಬೇತಿ ಕೊಟ್ಟು ಖಿನ್ನ ತಾಯಂದಿರ ಮನೆಗೆ ಕಳಿಸಿದರು. 2008ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ, ಕೂಸಿಗೆ ಆರು ತಿಂಗಳಾದಾಗ ಖಿನ್ನತೆ ಉಳಿದದ್ದು ನೂರಕ್ಕೆ 23 ಮಂದಿಯಲ್ಲಿ. ಬರೀ ಭೇಟಿ ಕೊಟ್ಟು ಬಂದ ಕಡೆ 53. ಎಲ್ಲರಿಗೂ ಮಾವಶಿ ಸಾಲುವುದಿಲ್ಲ, ನಿಜ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿಯನ್ನೂ ಕೂಸನ್ನೂ ಅಗಲಿಸದೆ ಒಟ್ಟಿಗೆ ಇಟ್ಟುಕೊಂಡು ಚಿಕಿತ್ಸೆ ಕೊಡುವ ವಿಭಾಗವಿದೆ. ಎಡಿನ್‌ಬರೋದಲ್ಲಿ 1987ರಲ್ಲಿ ತಯಾರಾದ 10 ಪ್ರಶ್ನೆಗಳ ಪಟ್ಟಿ ಕನ್ನಡಕ್ಕೂ ಬಂದಿದೆ.

ಅವನ್ನು ಅಮ್ಮನಿಗೆ ಓದಿ ಹೇಳಿದೆ. ಮೊದಲನೆಯದು ನಗುವಿನ ಬಗ್ಗೆ, ಕೊನೆಯದು ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಹತ್ತನೆಯದಕ್ಕೆ ಬರುವಾಗ ಅಮ್ಮ, "ಸಾಕು, ಅನ್ನ ಸೀದೀತು" ಅಂತ ಎದ್ದಳು. ಕುಕ್ಕರ್ ಇಟ್ಟೇ ಇರಲಿಲ್ಲ.

ಈಗ ನಮ್ಮ ಬಿಲ್ಡಿಂಗಿನ ಮೂರನೇ ಮಹಡಿಯಲ್ಲಿ ಒಬ್ಬಳು ಹೊಸ ಬಾಣಂತಿಯಿದ್ದಾಳೆ, ಬಿಹಾರದ ಕಡೆಯವಳು. ಅಮ್ಮ ದಿನಾ ನಾಲ್ಕಕ್ಕೆ ಹೋಗಿ ಅವಳನ್ನು ಮಲಗಲು ಕಳಿಸಿ ಕೂಸನ್ನು ಎತ್ತಿಕೊಳ್ಳುತ್ತಾಳೆ. ಧಾರವಾಡದ ಕನ್ನಡದಲ್ಲಿ ಅದರ ಜೊತೆ ಜಗಳ ಆಡುತ್ತಾಳೆ. ನಿನ್ನೆ ಆ ಕೂಸು ಇಡೀ ಬಿಲ್ಡಿಂಗಿಗೆ ಕೇಳುವಂತೆ ಚೀರುತ್ತಿತ್ತು. ಆರಕ್ಕೆ ಅಮ್ಮ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತ, "ಏನ್ ಛಂದ ಅಳ್ತದ ಅದು!" ಅಂದಳು.