ಸೋಲು ರೂಢಿಯಾದಾಗ



ಶ್ರೀಮಠದ ಮಾಸಪತ್ರಿಕೆಯಲ್ಲಿ ಅಮೆರಿಕೆಯ ಚೆಂಡಾಟದ ಪ್ರಸ್ತಾಪವೇಕೆಂದು ನಿಮಗೆ ಸೋಜಿಗವಾಗಬಹುದು. ನಮಗೂ ಆ ಆಟದಲ್ಲಿ ಆಸಕ್ತಿಯಿರಲಿಲ್ಲ. ಅದರ ಒರಟುತನ ಈಗಲೂ ನಮ್ಮ ಮನಸ್ಸಿಗೆ ಒಗ್ಗಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ಶಿಕಾಗೋ ಪ್ರಾಂತದ ಭಕ್ತರ ಆಹ್ವಾನದ ಮೇರೆಗೆ ಅವರ ಮಕ್ಕಳಿಗೆ ಲಿಂಗದೀಕ್ಷೆ ನೀಡಲು ಹೋಗಿದ್ದಾಗ ಕೇಳಿದ ಒಂದು ವೃತ್ತಾಂತವು ನಮ್ಮನ್ನು ಬಿಡದೆ ಹಿಂಬಾಲಿಸಿತು. ಅದನ್ನು ನಿಮ್ಮ ಮುಂದಿಡದೆ ಸಮಾಧಾನವಿಲ್ಲ.

ಅದನ್ನು ಹೇಳಿದವರು ನಮ್ಮೊಡನೆ ಪ್ರಸಾದನಿಲಯದಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡವರು. 1995ರಲ್ಲಿ ಅವರು ಇವಾನ್‌ಸ್ಟನ್ ಎಂಬ ಊರಿನ ನಾರ್ಥ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಉನ್ನತ ವ್ಯಾಸಂಗದಲ್ಲಿದ್ದರು. ಮಿಶಿಗನ್ ಸರೋವರದ ದಂಡೆಯ ಮೇಲಿರುವ ಈ ವಿಶ್ವವಿದ್ಯಾಲಯವನ್ನು 1851ರಲ್ಲಿ ಸ್ಥಾಪಿಸಿದವರು ಮೆಥಡಿಸ್ಟ್ ಪಂಥದ ಕ್ರೈಸ್ತರು. ಸುತ್ತ ನಾಲ್ಕು ಮೈಲಿಯೊಳಗೆ ಮದ್ಯ ಮಾರಕೂಡದೆಂದು 1855ರಲ್ಲಿಯೇ ಅದರ ಶಾಸನಪತ್ರಕ್ಕೆ ವಿಧಿಯೊಂದನ್ನು ಸೇರಿಸಿದರು. ಇವಾನ್‌ಸ್ಟನ್ನಿನಲ್ಲಿ 1972ರವರೆಗೂ ಪಾನನಿಷೇಧವಿತ್ತು. ಧರ್ಮದ ನೆರಳಿನಲ್ಲಿ ಹುಟ್ಟಿದ ವಿದ್ಯಾಸಂಸ್ಥೆಯೆಂದ ಮೇಲೆ ನಮ್ಮ ಕಿವಿ ಸ್ವಲ್ಪ ಹೆಚ್ಚಾಗಿಯೇ ನಿಮಿರಿತು.

ಆ ಆಟವನ್ನು ಕಾಣದವರಿಗಾಗಿ ಒಂದೆರಡು ಮಾತು. ಹೆಸರು ಫುಟ್‌ಬಾಲ್ ಆದರೂ ಕಾಲಿನ ಕೆಲಸ ಕಡಿಮೆ. ಪಕ್ಷಕ್ಕೆ ಹನ್ನೊಂದು ಜನ. ನೂರು ಗಜದ ಮೈದಾನ. ಚೆಂಡನ್ನು ಹಿಡಿದು ಓಡಿಯೋ ಎಸೆದೋ ನಾಲ್ಕು ಅವಕಾಶಗಳಲ್ಲಿ ಹತ್ತು ಗಜ ಮುಂದೆ ಸಾಗಬೇಕು. ಇಲ್ಲವಾದರೆ ಚೆಂಡು ಎದುರಾಳಿಗಳ ಪಾಲು. ನಮ್ಮ ಕಬಡ್ಡಿಯಲ್ಲಿ ಹಿಡಿದು ಕೆಡಹುವುದನ್ನು ನೆನೆದುಕೊಂಡರೆ ಅರ್ಧ ತಿಳಿದಂತೆಯೇ.

ಈ ಆಟದಲ್ಲಿ ನಾರ್ಥ್‌ವೆಸ್ಟರ್ನ್ ತಂಡವು ಸೋಲಿಗೆ ಹೆಸರುವಾಸಿಯಾಗಿತ್ತು. ಬಿಗ್ ಟೆನ್ ಎಂಬ ಅದರ ಕೂಟದಲ್ಲಿ ಆಗ ಉಳಿದವೆಲ್ಲ ಸರ್ಕಾರದ ಬೃಹತ್ ವಿಶ್ವವಿದ್ಯಾಲಯಗಳಾಗಿದ್ದವು; ಇದೊಂದೇ ಖಾಸಗಿಯದು, ಚಿಕ್ಕದು, ಪ್ರವೇಶದಲ್ಲಿ ಬಿಗಿಯಾದುದು ಆಗಿತ್ತು. 1976ರಿಂದ 1981ರವರೆಗಿನ ಆರು ವರ್ಷಗಳಲ್ಲಿ 66 ಪಂದ್ಯಗಳಾಡಿ ಗೆದ್ದುದು ಮೂರನ್ನು ಮಾತ್ರ. 1979ರಿಂದ 1982ರವರೆಗೆ ಒಂದೇ ಸಮನೆ 34 ಸೋಲುಗಳು. 1981ರಲ್ಲಿ ಸತತ ಸೋಲಿನ ದಾಖಲೆಯಾದ ದಿನ ಅಲ್ಲಿನ ವಿದ್ಯಾರ್ಥಿಗಳು ಮೈದಾನಕ್ಕೆ ನುಗ್ಗಿ, ಎಲ್ಲರಿಗಿಂತ ಕೀಳು ನಾವೇ ಎಂದು ಘೋಷಣೆ ಕೂಗಿ ಕುಣಿದರು. ಮರುವರ್ಷ ಕೊನೆಗೊಮ್ಮೆ ಗೆದ್ದಾಗ ಗೋಲುಕಂಬಗಳನ್ನು ಕಿತ್ತು ಹೊತ್ತೊಯ್ದು ಸರೋವರಕ್ಕೆ ಎಸೆದರು.

ಮೊದಲನೆಯ ಕುಣಿತದ ವಿಷಯ ಕೇಳಿದಾಗ ನಾವು ನಡೆಯುತ್ತಿದ್ದವರು ನಿಂತುಬಿಟ್ಟೆವು. ಏಕೆಂದು ನಿಮಗೆ ಹೇಳಬೇಕು. ನಮ್ಮ ಆಡಳಿತಕ್ಕೆ ಸೇರಿದ ಗ್ರಾಮಾಂತರ ಪ್ರೌಢಶಾಲೆಯೊಂದರಲ್ಲಿ ವರ್ಷವರ್ಷವೂ ಹತ್ತನೆಯ ತರಗತಿಯ ಫಲಿತಾಂಶ ಕೆಳಗಿಳಿಯುತ್ತ ಬಂದಿತ್ತು. ಅಲ್ಲಿನ ವಾರ್ಷಿಕೋತ್ಸವದಲ್ಲಿ ಆಶೀರ್ವಚನಕ್ಕೆ ನಿಂತ ನಾವು, ಈ ಶಾಲೆಯಲ್ಲಿ ಒಂದು ಅನುಕೂಲವುಂಟು, ತೇರ್ಗಡೆಯಾದವರ ಹೆಸರನ್ನು ಓದಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ ಎಂದು ವಿನೋದವಾಡಿದೆವು. ಸಭೆ ನಕ್ಕಿತು. ಎಲ್ಲರಿಗಿಂತ ಗಟ್ಟಿಯಾಗಿ ನಕ್ಕವರು ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತ ಹುಡುಗರೇ. ಮುಖ್ಯೋಪಾಧ್ಯಾಯರೊಬ್ಬರು ಮಾತ್ರ ತಲೆ ತಗ್ಗಿಸಿದ್ದರು. ಅಂದು ಆ ನಗೆಯಿಂದ ನಮಗೆ ಸಂತೋಷವೇ ಆಗಿತ್ತೆಂದು ಒಪ್ಪಿಕೊಳ್ಳುತ್ತೇವೆ.

ಇನ್ನು ಕಥೆಗೆ ಬರೋಣ. 1992ರಲ್ಲಿ ಗ್ಯಾರಿ ಬಾರ್ನೆಟ್ ಎಂಬವರು ಈ ತಂಡದ ತರಬೇತುದಾರರಾದರು. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಪ್ರತಿ ಹೊಸವರ್ಷಕ್ಕೆ ರೋಸ್ ಬೌಲ್ ಎಂಬ ಪ್ರತಿಷ್ಠಿತ ಪಂದ್ಯ ನಡೆಯುವುದು. ತಂಡವನ್ನು ಅಲ್ಲಿಗೆ ಕರೆದೊಯ್ಯುವೆನೆಂದು ಬಂದ ತಿಂಗಳಿನಲ್ಲಿಯೇ ನೆರೆದವರ ಮುಂದೆ ಸಾರಿದರು. ಈ ತಂಡ ಅಲ್ಲಿ ಆಡಿದ್ದುದು ಒಮ್ಮೆ ಮಾತ್ರ, 1949ರಲ್ಲಿ. ವಾಚಕರೇ, ಮಾತು ಹೊರಬಿದ್ದೊಡನೆ ಗೆಲುವು ಬಂದಿತೆಂದು ಭಾವಿಸಬೇಡಿ. ಮೊದಲ ಮೂರು ವರ್ಷಗಳಲ್ಲಿ ಎಂಟು ಗೆಲುವು, 24 ಸೋಲು, ಒಂದು ಸಮ. ಅಷ್ಟಾದರೂ ವಿಶ್ವವಿದ್ಯಾಲಯದವರು ಅವರನ್ನು ಹೊರಹಾಕಲಿಲ್ಲ. ತರಬೇತುದಾರರ ಬಗ್ಗೆ ಬರೆಯುವವರು ಈ ತಾಳ್ಮೆಯನ್ನು ಅಷ್ಟಾಗಿ ಹೊಗಳುವುದಿಲ್ಲ. ಸಂಸ್ಥೆಗಳನ್ನು ನಡೆಸುವ ನಮ್ಮಂಥವರಿಗೆ ಅದೇ ಮೊದಲು ಕಣ್ಣಿಗೆ ಬೀಳುತ್ತದೆ.

1995ರ ಸೆಪ್ಟೆಂಬರ್ 2ರಂದು ಮೊದಲ ಪಂದ್ಯವು ನೋಟ್ರ್ ಡೇಮ್‌ನ ಅಂಗಳದಲ್ಲಿ. 1962ರ ಬಳಿಕ ಆ ತಂಡವನ್ನು ಇವರು ಸೋಲಿಸಿರಲಿಲ್ಲ. ಗೆದ್ದರೆ ನನ್ನನ್ನು ಹೆಗಲ ಮೇಲೆ ಹೊತ್ತು ಮೆರೆಸಬೇಡಿ, ಗೆಲುವನ್ನು ನಿರೀಕ್ಷಿಸಿದ್ದವರಂತೆ ನಡೆದುಕೊಳ್ಳಿ ಎಂಬರ್ಥದ ಮಾತನ್ನು ಬಾರ್ನೆಟ್ ಹುಡುಗರಿಗೆ ಮೊದಲೇ ಹೇಳಿದ್ದರಂತೆ. 17-15ರಿಂದ ಗೆದ್ದರು.

"ಬುದ್ಧಿ, ಆ ರಾತ್ರಿ ನಮಗೆ ಯಾರಿಗೂ ನಿದ್ದೆ ಬರಲಿಲ್ಲ. ಫುಟ್‌ಬಾಲ್ ಎಂದರೆ ಏನೆಂದು ತಿಳಿಯದ ನಾನೂ ಬೀದಿಗೆ ಓಡಿದೆ," ಎಂದರು ನಮ್ಮ ಭಕ್ತರು.

ಮುಂದಿನ ಪಂದ್ಯದಲ್ಲಿಯೇ ಒಹಾಯೊ ರಾಜ್ಯದ ಮಯಾಮಿ ವಿಶ್ವವಿದ್ಯಾಲಯದ ಎದುರು 28-7ರ ಮುನ್ನಡೆಯನ್ನು ಕೈಬಿಟ್ಟು 30-28ರಿಂದ ಸೋತರು. ಹಳೆಯ ಚಾಳಿ ಮರಳಿತೆಂದು ಊರವರು ಆಡಿಕೊಳ್ಳಲು ಇಷ್ಟು ಸಾಕಾಗಿತ್ತು. ಆದರೆ ಅಂದಿನಿಂದ ನಿಯತ ಪಂದ್ಯಗಳಲ್ಲಿ ಮತ್ತೊಂದು ಸೋಲು ಬರಲಿಲ್ಲ. ಮಿಶಿಗನ್ ತಂಡವನ್ನು ಅದರ ಮನೆಯಂಗಳದಲ್ಲಿಯೇ 19-13ರಿಂದ ಮಣಿಸಿದರು. 1959ರ ತರುವಾಯ ಅಲ್ಲಿ ಅದು ಮೊದಲ ಗೆಲುವು. ಸತತ 21 ಬಾರಿ ತಮ್ಮನ್ನು ಸೋಲಿಸಿದ್ದ ಅಯೋವಾವನ್ನು 31-20ರಿಂದ ಗೆದ್ದರು. ಆ ಪಂದ್ಯದಲ್ಲಿ ರಕ್ಷಣಾಪಡೆಯ ಬೆನ್ನೆಲುಬಾಗಿದ್ದ ಪ್ಯಾಟ್ ಫಿಟ್ಸ್‌ಜೆರಾಲ್ಡ್ ಕಾಲು ಮುರಿದುಕೊಂಡನು. ದೇಶದ ಶ್ರೇಷ್ಠ ರಕ್ಷಣಾ ಆಟಗಾರನೆಂಬ ಪ್ರಶಸ್ತಿಗಳು ಅವನಿಗೆ ಬಂದವು. ಪ್ಯಾಸಡೀನಾದಲ್ಲಿ ಆಡುವ ಯೋಗ ಬರಲಿಲ್ಲ.

ಕೂಟದ ಎಂಟು ಪಂದ್ಯಗಳನ್ನೂ ಗೆದ್ದರೂ ರೋಸ್ ಬೌಲ್ ಇವರ ಕೈಯಲ್ಲಿರಲಿಲ್ಲ. ಒಹಾಯೊ ಸ್ಟೇಟ್ ತಂಡವೂ ಅಜೇಯವಾಗಿತ್ತು. ಆ ವರ್ಷ ಇಬ್ಬರಿಗೂ ಪರಸ್ಪರ ಪಂದ್ಯವಿರಲಿಲ್ಲ. ತಮ್ಮ ಆಟ ಮುಗಿಸಿ ಒಂದು ವಾರ ಕಾಯ್ದರು. ನವೆಂಬರ್ 25ರಂದು ಮಿಶಿಗನ್ ತಂಡವು ಒಹಾಯೊ ಸ್ಟೇಟನ್ನು 31-23ರಿಂದ ಸೋಲಿಸಿದಾಗ ದಾರಿ ತೆರೆಯಿತು. ಇವರಿಂದ ಸೋತವರೇ ಇವರಿಗೆ ಬಾಗಿಲು ತೆಗೆದರು!

1996ರ ಜನವರಿ 1ರಂದು, 47 ವರ್ಷಗಳ ಅನಂತರ, ಅಲ್ಲಿ ಆಡಿದರು. ಬಹಳ ಹಿಂದೆ ಬಿದ್ದಿದ್ದವರು ಕೊನೆಯ ಭಾಗದಲ್ಲಿ ಒಂದು ಅಂಕದಿಂದ ಮುಂದೆ ಬಂದು, ಕಡೆಗೆ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ 41-32ರಿಂದ ಸೋತರು.

ಪುರಾಣಕಥೆಯಂತೆ ಇದನ್ನು ಇಲ್ಲಿಗೇ ಮುಗಿಸಿದರೆ ನಿಮಗೆ ವಂಚಿಸಿದಂತಾದೀತು. ಮರುವರ್ಷವೂ ಕೂಟದ ಪ್ರಶಸ್ತಿಯಲ್ಲಿ ಪಾಲು ದೊರಕಿತಾದರೂ 1998ರಲ್ಲಿ ತಂಡ ಮತ್ತೆ ಮೂರೇ ಪಂದ್ಯ ಗೆದ್ದಿತು. ಬಾರ್ನೆಟ್ ಬೇರೆಡೆಗೆ ಹೋದರು. ಅದೇ ವರ್ಷ, ತಂಡದ ಹಿಂದಿನ ನಾಲ್ವರು ಆಟಗಾರರು ಜೂಜಿನ ವಿಷಯದಲ್ಲಿ ಸುಳ್ಳು ಸಾಕ್ಷ್ಯ ನುಡಿದರೆಂಬ ಆರೋಪಕ್ಕೆ ಗುರಿಯಾದರು. ಇದನ್ನೂ ನಮ್ಮ ಭಕ್ತರು ಮುಚ್ಚಿಡದೆ ಹೇಳಿದರು. ಹಾಗಾದರೆ ಉಳಿದುದೇನೆಂದು ನಾವು ಕೇಳಿದೆವು.

ಅವರು ಸರೋವರದ ಕಡೆ ನೋಡುತ್ತ ತುಸು ಹೊತ್ತು ಸುಮ್ಮನಿದ್ದರು. "ಮೊದಲು ನಾವೇ ನಮ್ಮನ್ನು ಹಾಸ್ಯ ಮಾಡಿಕೊಳ್ಳುತ್ತಿದ್ದೆವು ಬುದ್ಧಿ. ಆ ವರ್ಷ ಯಾರೂ ಮಾಡಲಿಲ್ಲ," ಎಂದರು.

ಊರಿಗೆ ಮರಳಿದ ವರ್ಷ ಆ ಪ್ರೌಢಶಾಲೆಯ ವಾರ್ಷಿಕೋತ್ಸವಕ್ಕೆ ಮತ್ತೆ ಹೋದೆವು. ಹಿಂದೊಮ್ಮೆ ಇದೇ ವೇದಿಕೆಯಿಂದ ಆಡಬಾರದ ಮಾತನ್ನು ಆಡಿದೆವೆಂದೂ ಅದು ನಮ್ಮ ತಪ್ಪೆಂದೂ ಹೇಳಿದೆವು. ಅಂದಿನ ಹುಡುಗರು ಅಲ್ಲಿರಲಿಲ್ಲ. ಇಂದಿನವರಿಗೆ ನಮ್ಮ ಮಾತಿನ ಅರ್ಥವಾಗದೆ ಮುಖ ಮುಖ ನೋಡಿಕೊಂಡರು. ಸಭೆ ಮುಗಿದ ಮೇಲೆ ಮುಖ್ಯೋಪಾಧ್ಯಾಯರು ಬಳಿ ಬಂದು, ಗಣಿತಕ್ಕೆ ಎರಡು ವರ್ಷಗಳಿಂದ ಅಧ್ಯಾಪಕರಿಲ್ಲ, ಮೂರು ಬಾರಿ ಬರೆದಿದ್ದೇನೆ ಎಂದರು. ಪತ್ರಗಳು ನಮ್ಮ ಕಚೇರಿಯ ಕಡತದಲ್ಲಿಯೇ ಇದ್ದವು. ಮುಂದಿನ ಸೋಮವಾರದಿಂದ ಅಧ್ಯಾಪಕರೊಬ್ಬರು ಹೋಗತೊಡಗಿದರು. ಮೊದಲ ವರ್ಷದ ಫಲಿತಾಂಶದಲ್ಲಿ ಹೇಳಿಕೊಳ್ಳುವಂಥ ಬದಲಾವಣೆಯಾಗಲಿಲ್ಲ, ಎರಡನೆಯ ವರ್ಷವೂ ಅಷ್ಟೇ. ಈ ಸಲ ಪರೀಕ್ಷೆಗೆ ಕುಳಿತಿರುವವರ ಹೆಸರುಗಳ ಪಟ್ಟಿಯನ್ನು ಮುಖ್ಯೋಪಾಧ್ಯಾಯರಿಂದ ತರಿಸಿಕೊಂಡಿದ್ದೇವೆ. ಅದು ಪೂಜಾಗೃಹದ ಹೊರಗಿನ ಮೇಜಿನ ಮೇಲಿದೆ; ಬೆಳಗಿನ ಲಿಂಗಪೂಜೆ ಮುಗಿಸಿ ಬರುವಾಗ ಒಮ್ಮೆ ಓದುತ್ತೇವೆ.